ಭಾಗವತರು ಕೆಟ್ಟದ್ದು ಯಾವಾಗ? ಶ್ರುತಿಪೆಟ್ಟಿಗೆಯ ಜೊತೆ ಒಂದು ಸಂದರ್ಶನ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಂಗಳೂರಿನ ಯಕ್ಷಗಾನಪ್ರಿಯರಿಗೆ ಉಳಿಯುವುದು ಎರಡೇ ಕೆಲಸ: ಮಳೆಗಾಲದ ತಾಳಮದ್ದಳೆ ಕೇಳುವುದು, ಭಾಗವತರು ಕೆಟ್ಟರು ಎಂದು ದೂರುವುದು. ಮೊದಲನೆಯದಕ್ಕೆ ಸಭಾಂಗಣ ಬೇಕು, ಎರಡನೆಯದಕ್ಕೆ ಹೋಟೆಲಿನ ಒಂದು ಮೇಜು ಸಾಕು. ದೂರಿನ ಸಾರಾಂಶ ಎಲ್ಲ ಕಡೆಯೂ ಒಂದೇ. ಮೊದಲು ಪದ ಹೇಳುತ್ತಿದ್ದವರು ಈಗ ಕಚೇರಿ ಮಾಡುತ್ತಿದ್ದಾರೆ. ಆಲಾಪನೆ ಮುಗಿಯುವುದಿಲ್ಲ, ರಾಗ ಗುರುತಾಗುವುದಿಲ್ಲ, ಇಬ್ಬರು ಕೂತು ದ್ವಂದ್ವ ಹಾಡಿದರೆ ಅದು ಜುಗಲ್‌ಬಂದಿಯೋ ಆಟವೋ ತಿಳಿಯುವುದಿಲ್ಲ. ಇಂಥ ವ್ಯಾಜ್ಯದಲ್ಲಿ ಭಾಗವತರನ್ನು ಕೇಳಿದರೆ ಅವರ ಪಕ್ಷ, ಅಭಿಮಾನಿಯನ್ನು ಕೇಳಿದರೆ ಅವನ ಪಕ್ಷ. ನಿಷ್ಪಕ್ಷ ಸಾಕ್ಷಿ ಬೇಕೆಂದರೆ ಇಡೀ ರಾತ್ರಿ ಭಾಗವತರ ಪಕ್ಕದಲ್ಲೇ ಇದ್ದು, ಒಂದೇ ಸ್ವರ ಹಿಡಿದು, ಯಾವ ಚಪ್ಪಾಳೆಗೂ ಸ್ವರ ಬದಲಿಸದವರು ಬೇಕು. ಅಂಥವರೊಬ್ಬರು ಮಣ್ಣಗುಡ್ಡದ ಹಂಚಿನ ಮನೆಯೊಂದರಲ್ಲಿ ಕಪಾಟಿನ ಮೇಲೆ ವಿಶ್ರಾಂತಿಯಲ್ಲಿದ್ದಾರೆ. ತಿದಿಗೆ ತೇಪೆ ಬಿದ್ದಿದೆ, ಒಂದು ನಾಲಗೆಗೆ ಮಳೆಗಾಲದ ಥಂಡಿ ಹಿಡಿದು ಸ್ವರ ಕೊರೆಯುತ್ತದೆ, ಮಾತು ಮಾತ್ರ ಚುರುಕು.

ಪ್ರಶ್ನೆ: ಜನ ಬೇಸರದಲ್ಲಿದ್ದಾರೆ. ಪರಂಪರೆ ಹಾಳಾಯಿತು ಅನ್ನುತ್ತಾರೆ. ಪರಂಪರೆಯ ಹಿರಿಯರಾಗಿ ನೀವು ಏನು ಹೇಳುತ್ತೀರಿ?

ಪೆಟ್ಟಿಗೆ: ಹಿರಿಯ ಅಂತ ಯಾರು ಹೇಳಿದ್ದು ಮಾರಾಯ್ರೇ? ಸಾಕ್ಷಿಗೆ ಕರೆಯುವ ಮೊದಲು ನನ್ನ ಜಾತಕ ನೋಡಬೇಕಿತ್ತು. ನಾನು ಹಾರ್ಮೋನಿಯಂ ಕುಲದವನು. ನಮ್ಮ ಮೂಲ ಇರುವುದು ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ. ನಾನು ಬರುವ ಮೊದಲು ಭಾಗವತರಿಗೆ ಶ್ರುತಿ ಕೊಡುತ್ತಿದ್ದದ್ದು ಸೋರೆಬುರುಡೆಯ ಪುಂಗಿ. ಅದನ್ನು ಎಬ್ಬಿಸಿ ಅದರ ಜಾಗದಲ್ಲಿ ಕೂತವನು ನಾನು. ನಮ್ಮ ಕುಲದವರ ಸ್ವರ ಈ ನೆಲದ್ದಲ್ಲ, ಗಮಕ ಬಾರದು ಎಂದು 1940ರಲ್ಲಿ ರೇಡಿಯೋದವರು ಹಾರ್ಮೋನಿಯಂ ಅನ್ನು ಹೊರಗಿಟ್ಟರು. ಒಳಗೆ ಬಿಟ್ಟುಕೊಂಡದ್ದು 1971ರಲ್ಲಿ. ಅಷ್ಟು ವರ್ಷವೂ ನಮ್ಮವರು ರಂಗಸ್ಥಳಗಳಲ್ಲಿ ಉಸಿರು ಬಿಡುತ್ತಲೇ ಇದ್ದರು, ಯಾರೂ ಎಬ್ಬಿಸಲಿಲ್ಲ. ಈಗ ಹಳೇ ಮಟ್ಟಿನ ಅಭಿಮಾನಿಗಳು ‘ಅವರ ಶ್ರುತಿ ಎಂದರೆ ಶ್ರುತಿ, ಕಪ್ಪು ಮೂರು!’ ಎಂದು ಕಣ್ಣರಳಿಸುತ್ತಾರಲ್ಲ, ಆ ಕಪ್ಪು ಯಾವುದು? ನಮ್ಮ ಕುಲದ ಕರಿ ಮನೆ. ಪರಂಪರೆಯ ಗಟ್ಟಿತನವನ್ನು ಅಳೆಯುವ ಕೋಲನ್ನೇ ಪರದೇಶದ ಪೆಟ್ಟಿಗೆಯಿಂದ ಎತ್ತಿಕೊಂಡದ್ದು ಯಾರಿಗೂ ಇರುಸುಮುರುಸಾಗಿಲ್ಲ. ಈಗ ನನ್ನನ್ನೂ ಎಲೆಕ್ಟ್ರಾನಿಕ್ ಪೆಟ್ಟಿಗೆ ಎಬ್ಬಿಸಿದೆ, ಅದನ್ನು ಮೊಬೈಲಿನ ಆ್ಯಪ್ ಎಬ್ಬಿಸುತ್ತಿದೆ. ಪದ್ಯದ ನಡುವೆ ಮೊಬೈಲಿಗೆ ಕರೆ ಬಂದರೆ ಶ್ರುತಿಯ ಗತಿ ಏನು ಎಂದು ಮಾತ್ರ ನನ್ನನ್ನು ಕೇಳಬೇಡಿ, ಅದು ಹೊಟ್ಟೆಕಿಚ್ಚಿನ ಮಾತಾದೀತು.

ಪ್ರಶ್ನೆ: ಉಪಕರಣ ಬದಲಾಗುವುದು ಬೇರೆ, ಹಾಡುಗಾರಿಕೆ ಬದಲಾಗುವುದು ಬೇರೆ. ಪುಂಗಿ ಹೋಗಿ ಪೆಟ್ಟಿಗೆ ಬಂದರೂ ಪದ ಹೇಳುವ ಕ್ರಮ ಹಾಗೆಯೇ ಉಳಿದಿತ್ತಲ್ಲ?

ಪೆಟ್ಟಿಗೆ: ಉಳಿದಿತ್ತೇ? ಯಾರದ್ದು? ತೆಂಕುತಿಟ್ಟಿನಲ್ಲೇ ಬಲಿಪರ ಕ್ರಮ ಒಂದು, ಅಗರಿಯವರ ಕ್ರಮ ಇನ್ನೊಂದು. ಎರಡೂ ಪರಂಪರೆಯೇ, ಒಂದು ಇನ್ನೊಂದರ ಹಾಗಿಲ್ಲ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಅಜ್ಜನಿಂದ ಬಂದ ಏರುಸ್ವರದ ದಾರಿಯನ್ನು ಕೊನೆವರೆಗೂ ಬಿಡಲಿಲ್ಲ, ಅದು ದೊಡ್ಡ ಮಾತು. ಆದರೆ ಅದೇ ತೆಂಕಿನಲ್ಲಿ ಕರ್ನಾಟಕ ಮೇಳದ ದಾಮೋದರ ಮಂಡೆಚ್ಚರು ಶಾಸ್ತ್ರೀಯ ಸಂಗೀತದ ನಯವನ್ನು ಪದ್ಯಕ್ಕೆ ತಂದರು. ಇಂದು ಅದೇ ಮಂಡೆಚ್ಚರ ಹೆಸರು ಹೇಳಿ, ‘ಆಗಿನ ಇಂಪು ಈಗೆಲ್ಲಿ’ ಎಂದು ಹೊಸಬರನ್ನು ಬಯ್ಯುತ್ತಾರೆ. ಮಧೂರಿನ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತ ಕಲಿತು ಬಂದು ವೃತ್ತಿಮೇಳದಲ್ಲಿ ಜಾಗಟೆ ಹಿಡಿದರು. ಬಡಗುತಿಟ್ಟಿಗೆ ಹೋದರೆ ಕಾಳಿಂಗ ನಾವಡರು. ಸಾಲಿಗ್ರಾಮ ಮೇಳದ ಡೇರೆಯಲ್ಲಿ ಹೊಸ ರಾಗ, ಹೊಸ ಎಳೆತ, ತಾವೇ ಬರೆದ ‘ನಾಗಶ್ರೀ’ಯಂಥ ಹೊಸ ಪ್ರಸಂಗ. ಇದು ಯಕ್ಷಗಾನವೇ ಅಲ್ಲ ಎಂದವರು ಆಗಲೂ ಇದ್ದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ಹೋದರು. ಈಗ ‘ನಾವಡ ಶೈಲಿ’ ಎಂಬುದು ಹೊಸಬರನ್ನು ಅಳೆಯುವ ಮಾನದಂಡ. ನೋಡಿ, ನಿಮ್ಮವರು ಪರಂಪರೆ ಅನ್ನುವುದು ಬಹಳ ಸಲ ತಾವು ಇಪ್ಪತ್ತರ ಪ್ರಾಯದಲ್ಲಿ ಕೇಳಿದ್ದನ್ನು.

ಇನ್ನು ಮೈಕಿನ ವಿಷಯ. ಮೈಕು ಬರುವ ಮೊದಲು ಗದ್ದೆಯ ಕೊನೆಯಲ್ಲಿ ಕೂತವನಿಗೂ ಪದ್ಯ ಕೇಳಬೇಕಿತ್ತು, ಚೆಂಡೆಯ ಪೆಟ್ಟಿನ ಮೇಲೆ ಧ್ವನಿ ಏಳಬೇಕಿತ್ತು. ಹಾಗಾಗಿ ಏರುಶ್ರುತಿ, ಬಿಚ್ಚುಕಂಠ. ಅದು ಸೌಂದರ್ಯವೂ ಹೌದು, ಅನಿವಾರ್ಯವೂ ಹೌದು. ಮೈಕು ಬಂದ ಮೇಲೆ ಮೆಲ್ಲಗೆ ಹಾಡಿದ್ದೂ ಕೇಳತೊಡಗಿತು, ಮಂದ್ರಕ್ಕೆ ಇಳಿಯುವ ಧೈರ್ಯ ಬಂತು. ಅದೇ ಮೈಕಿನಲ್ಲಿ ಹೊಸ ಶೈಲಿಯನ್ನು ಟೀಕಿಸಿ ಭಾಷಣ ಮಾಡುವವರೂ ಇದ್ದಾರೆ.

ಪ್ರಶ್ನೆ: ಇದು ನಮ್ಮ ಕರಾವಳಿಗೆ ಮಾತ್ರ ಹಿಡಿದ ರೋಗವೋ?

ಪೆಟ್ಟಿಗೆ: ಎಂಥ ಹೇಳುವುದು! ಅಮೆರಿಕದಲ್ಲಿ ಬಾಬ್ ಡಿಲನ್ ಎಂಬವರು ಗಿಟಾರು, ಬಾಯಿಬಾಜ ಹಿಡಿದು ಜಾನಪದ ಧಾಟಿಯಲ್ಲಿ ಹಾಡುತ್ತಿದ್ದರು. 1965ರ ಜುಲೈಯಲ್ಲಿ ನ್ಯೂಪೋರ್ಟ್ ಉತ್ಸವಕ್ಕೆ ಎಲೆಕ್ಟ್ರಿಕ್ ಗಿಟಾರು, ರಾಕ್ ಮೇಳ ಕಟ್ಟಿಕೊಂಡು ಬಂದದ್ದೇ ತಡ, ಕೂಗಾಟ. ಮರುವರ್ಷ ಮೇ 17ರಂದು ಮ್ಯಾಂಚೆಸ್ಟರಿನಲ್ಲಿ ಒಬ್ಬ ಪ್ರೇಕ್ಷಕ ಎದ್ದು ‘ಯೂದ’ ಎಂದೇ ಕೂಗಿದ. ಯೇಸುವನ್ನು ಬೆಳ್ಳಿಕಾಸಿಗೆ ಹಿಡಿದುಕೊಟ್ಟವನ ಹೆಸರು! ತಮಾಷೆ ಏನೆಂದರೆ, ಡಿಲನ್ ಶಾಲೆಯ ದಿನಗಳಲ್ಲೇ ರಾಕ್ ಅಂಡ್ ರೋಲ್ ತಂಡ ಕಟ್ಟಿ ಕುಣಿದವರು, ಜಾನಪದಕ್ಕೆ ಬಂದದ್ದು ಆಮೇಲೆ. ಅಭಿಮಾನಿಗಳು ಮೂಲಸ್ಥಾನ ಎಂದುಕೊಂಡದ್ದೇ ಅವರ ಎರಡನೇ ನಿಲ್ದಾಣವಾಗಿತ್ತು. ನಮ್ಮ ಬೆಳಗಾವಿಯ ಸೂಳೆಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರೂ ಹಾಗೆಯೇ. ಹುಡುಗನಾಗಿದ್ದಾಗ ದೊಡ್ಡವರ ಹಾಡನ್ನು ಅಚ್ಚೊತ್ತಿದಂತೆ ಹಾಡುತ್ತಿದ್ದಾಗ ಎಲ್ಲರೂ ಬೆರಗಾದರು. ಕ್ಷಯರೋಗದಿಂದ ಎದ್ದು, ದೇವಾಸ್‌ನಲ್ಲಿ ಮಾಳವದ ಜನಪದ ಹಾಡು ಕೇಳಿ, ತಮ್ಮದೇ ದಾರಿ ಹಿಡಿದ ಮೇಲೆ ಘರಾನೆಯವರ ಹುಬ್ಬು ಗಂಟಿಕ್ಕಿತು. ಇನ್ನು ಕದ್ರಿ ಗೋಪಾಲನಾಥರು ಈ ಜಿಲ್ಲೆಯವರೇ. ನಾಗಸ್ವರದ ಮನೆಯಿಂದ ಬಂದು, ಮೈಸೂರಿನ ಬ್ಯಾಂಡಿನ ಸ್ಯಾಕ್ಸೋಫೋನಿಗೆ ಮನಸೋತು, ಅದರಲ್ಲಿ ತ್ಯಾಗರಾಜರನ್ನು ನುಡಿಸಿದರು. ಇಂದು ಮಂಗಳೂರಿನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಅಜ್ಜಂದಿರೇ ‘ವಾದ್ಯ ಇಲ್ವಾ?’ ಎಂದು ಕೇಳುತ್ತಾರೆ.

ಪೆಟ್ಟಿಗೆಯ ವಾದ ಕೇಳಲು ಚೆನ್ನ, ಆದರೆ ಇದರಲ್ಲಿ ಒಂದು ತೂತು ಉಂಟು. ಹಿಂದೆ ಬಯ್ಯಿಸಿಕೊಂಡದ್ದೆಲ್ಲ ಮುಂದೆ ಪರಂಪರೆಯಾಯಿತು ಎಂಬುದು ನಿಜವಿರಬಹುದು. ಅದರಿಂದ ಇಂದು ಬಯ್ಯಿಸಿಕೊಳ್ಳುತ್ತಿರುವುದೆಲ್ಲ ಒಳ್ಳೆಯದು ಎಂದು ಹೇಳಲಾಗದು. ಬಯ್ಯಿಸಿಕೊಂಡು, ಸುದ್ದಿಯೇ ಇಲ್ಲದೆ ಸತ್ತ ಪ್ರಯೋಗಗಳ ಲೆಕ್ಕ ಇಟ್ಟವರು ಯಾರು? ಗೆದ್ದವರ ಹೆಸರು ಮಾತ್ರ ಎತ್ತಿ ಬದಲಾವಣೆಯನ್ನು ಸಮರ್ಥಿಸುವುದು ವಕೀಲರ ಕೆಲಸ. ಅದಲ್ಲದೆ ಬದಲಾವಣೆಗೆ ಬೆಲೆಯೂ ಇರುತ್ತದೆ. ಹಳೆಯ ಪ್ರಸಂಗ ಪುಸ್ತಕಗಳಲ್ಲಿ ಪದ್ಯದ ನೆತ್ತಿಯ ಮೇಲೆ ಅಚ್ಚಾಗಿರುವ ರಾಗಗಳಲ್ಲಿ ಎಷ್ಟೋ ಇಂದು ಹೆಸರಿಗೆ ಮಾತ್ರ ಇವೆ. ಹಾಡುವ ಮಟ್ಟು ಬಾಯಿಯಿಂದ ಬಾಯಿಗೆ ಬರಬೇಕು, ಒಂದು ತಲೆಮಾರು ಬಿಟ್ಟರೆ ಅಚ್ಚಾದ ಹೆಸರನ್ನು ನೋಡಿ ಯಾರೂ ಅದನ್ನು ಮತ್ತೆ ಹಾಡಲಾರರು. ಅಭಿಮಾನಿಯ ಬೇಸರವನ್ನು ಬರೀ ಹಳೇ ಪ್ರಾಯದ ಹಂಬಲ ಎಂದು ತಳ್ಳಿಹಾಕಿದರೆ ಈ ನಷ್ಟವೂ ಜೊತೆಗೆ ಮುಚ್ಚಿಹೋಗುತ್ತದೆ. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಶಿವರಾಮ ಕಾರಂತರು ಒಬ್ಬರು. ಹಾಗಾಗಿ ಅವರ ಹೆಸರನ್ನೇ ಪೆಟ್ಟಿಗೆಯ ಮುಂದಿಟ್ಟದ್ದಾಯಿತು.

ಪ್ರಶ್ನೆ: ‘ಯಕ್ಷಗಾನ ಬಯಲಾಟ’ ಬರೆದ ಕಾರಂತರು ಈ ಕಲೆಯ ಹಳೆಯ ಸತ್ವ ಕೆಡುತ್ತಿದೆ ಎಂದು ಕೊರಗಿದವರು. ಆ ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮಾತಿಗೂ ಬೆಲೆ ಇಲ್ಲವೇ?

ಪೆಟ್ಟಿಗೆ: ಬೆಲೆ ಇಲ್ಲ ಎಂದರೆ ನನ್ನ ತಿದಿ ಹರಿದುಹೋಗಲಿ. ಆದರೆ ಅದೇ ಕಾರಂತರು ತಮ್ಮ ‘ಯಕ್ಷರಂಗ’ದಲ್ಲಿ ಏನು ಮಾಡಿದರು? ಮಾತುಗಾರಿಕೆ ತೆಗೆದರು. ಹಿಮ್ಮೇಳಕ್ಕೆ ಪಿಟೀಲು ತಂದರು, ಸ್ಯಾಕ್ಸೋಫೋನು ತಂದರು. ಸತ್ವ ಕೆಟ್ಟಿತು ಎಂದವರೇ ಸ್ಯಾಕ್ಸೋಫೋನು ಊದಿಸಿದರು ಎಂದು ಬಯ್ದವರಿಗೆ ಕೊರತೆ ಇರಲಿಲ್ಲ. ನನಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಯಾವುದು ಹೋದರೆ ಆಟದ ಜೀವ ಹೋಗುತ್ತದೆ, ಯಾವುದು ಹೋದರೆ ಅಂಗಿ ಮಾತ್ರ ಬದಲಾಗುತ್ತದೆ ಎಂಬುದಕ್ಕೆ ಅವರಲ್ಲಿ ಒಂದು ವಿಚಾರ ಇತ್ತು. ಆ ವಿಚಾರದಲ್ಲಿ ಅವರು ಸರಿಯೋ ತಪ್ಪೋ, ಜಗಳ ಆಡಬಹುದು. ಹೋಟೆಲ್ ಮೇಜಿನ ದೂರಿನ ಜೊತೆ ಜಗಳವನ್ನೂ ಆಡಲು ಆಗುವುದಿಲ್ಲ, ಯಾಕೆಂದರೆ ಅಲ್ಲಿ ಇರುವುದು ‘ಮೊದಲಿನ ಹಾಗಿಲ್ಲ’ ಎಂಬ ಒಂದೇ ಮಾತು.

ಪ್ರಶ್ನೆ: ಹಾಗಾದರೆ ದೂರುವವನು ಏನು ಹೇಳಬೇಕಿತ್ತು?

ಪೆಟ್ಟಿಗೆ: ವೇಷ ಎಲ್ಲಿ ನಿಂತಿತ್ತು ಎಂದು ಹೇಳಬೇಕಿತ್ತು. ಕರ್ಣಪರ್ವ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ರಥದ ಚಕ್ರ ಹೂತಿದೆ. ಕರ್ಣನ ವೇಷಧಾರಿ ಒಂದು ಮೊಣಕಾಲೂರಿ, ಇಲ್ಲದ ಚಕ್ರಕ್ಕೆ ಎರಡೂ ಕೈ ಕೊಟ್ಟು ಬಗ್ಗಿದ್ದಾನೆ. ಭಾಗವತರು ಪದ್ಯ ಎತ್ತಿದರು. ಮೊದಲ ಎಳೆತಕ್ಕೆ ಅವನ ಭುಜ ಬಿಗಿಯಿತು, ಎರಡನೆಯದಕ್ಕೆ ಕತ್ತು ಮೇಲೆದ್ದು ಕಣ್ಣು ಅರ್ಜುನನ ಕಡೆ ಹೋಯಿತು. ಇಲ್ಲಿಯವರೆಗೆ ರಾಗ ಯಾವುದಾದರೂ ಆಗಲಿ, ಹಿಂದೂಸ್ತಾನಿಯೇ ಆಗಲಿ, ಪದ್ಯ ವೇಷಕ್ಕೆ ಸಿಕ್ಕಿತು. ಆಮೇಲೆ ಭಾಗವತರು ತಾರಷಡ್ಜದಲ್ಲಿ ನಿಂತರು. ಒಂದು ಸುತ್ತು, ಇನ್ನೊಂದು ಸುತ್ತು, ಸಭೆಯಲ್ಲಿ ಸಿಳ್ಳೆ, ಮತ್ತೊಂದು ಸುತ್ತು. ಕರ್ಣ ಇನ್ನೂ ಬಗ್ಗಿಯೇ ಇದ್ದಾನೆ. ಮಾಡಬೇಕಾದ ಅಭಿನಯ ಎಲ್ಲ ಮುಗಿದಿದೆ. ಕಿರೀಟದ ಭಾರಕ್ಕೆ ಕತ್ತು ನಡುಗುತ್ತದೆ, ಬೆವರು ಬಣ್ಣದ ಮೇಲೆ ಗೆರೆ ಎಳೆಯುತ್ತದೆ. ಮೊಬೈಲುಗಳೆಲ್ಲ ಕರ್ಣನನ್ನು ಬಿಟ್ಟು ಭಾಗವತರ ಕಡೆ ತಿರುಗಿವೆ. ಕೆಟ್ಟದ್ದು ಆ ಹೊತ್ತಿಗೆ. ಭಾಗವತರು ರಂಗದ ಮೊದಲ ವೇಷ ಎನ್ನುವುದು ಸುಮ್ಮನೆ ಅಲ್ಲ, ಇಡೀ ಆಟದ ಕಡಿವಾಣ ಅವರ ಕೈಯಲ್ಲಿದೆ. ಪದ್ಯ ಕುಣಿತಕ್ಕೆ, ಮಾತಿಗೆ ದಾರಿ ಬಿಡದೆ ತನಗಾಗಿ ತಾನು ಹಾಡಿಕೊಂಡರೆ ಅದು ಕೆಟ್ಟ ಭಾಗವತಿಕೆ. ಹಳೆಯ ಮಟ್ಟಿನಲ್ಲಿ ಹಾಡಿದರೂ ಕೆಟ್ಟದ್ದೇ. ಸಾಹಿತ್ಯ ಒಂದಕ್ಷರ ಕೇಳದಂತೆ ಏರುಶ್ರುತಿಯಲ್ಲಿ ಕಿರುಚಿದವರೂ ನನ್ನ ಪಕ್ಕದಲ್ಲಿ ಕೂತಿದ್ದಾರೆ, ಹೆಸರು ಕೇಳಬೇಡಿ.

ಪ್ರಶ್ನೆ: ಆದರೆ ಚಪ್ಪಾಳೆಗಾಗಿ, ಸಂಭಾವನೆಗಾಗಿ ಶೈಲಿ ಬದಲಿಸುತ್ತಾರಲ್ಲ, ಅದು ತಪ್ಪಲ್ಲವೇ?

ಪೆಟ್ಟಿಗೆ: ಉದ್ದೇಶ ನೋಡಿ ಹಾಡನ್ನು ಅಳೆಯಲು ಹೊರಟರೆ ಟಿಕೆಟಿಟ್ಟು ಆಡಿದ ಡೇರೆ ಮೇಳಗಳ ಒಳ್ಳೆಯ ರಾತ್ರಿಗಳನ್ನೆಲ್ಲ ಅಳಿಸಬೇಕಾದೀತು. ಅದಿರಲಿ, ಆ ಸಿಳ್ಳೆ ಹೊಡೆದದ್ದು ಯಾರು? ಎರಡು ನಿಮಿಷದ ಆಲಾಪನೆಯ ವೀಡಿಯೋವನ್ನು ಹತ್ತು ಗುಂಪಿಗೆ ಕಳಿಸಿದವರೇ ಮರುದಿನ ‘ಈಗೀಗ ಆಲಾಪನೆ ಜಾಸ್ತಿಯಾಯಿತು’ ಅನ್ನುತ್ತಾರೆ. ಹಿಮ್ಮೇಳ ಮಾತ್ರದ ಗಾನವೈಭವ ಉಂಟು. ಅಲ್ಲಿ ವೇಷ ಇಲ್ಲ, ಎಷ್ಟು ಎಳೆದರೂ ಯಾರ ಕತ್ತೂ ನೋಯುವುದಿಲ್ಲ, ನಾನೂ ಸುಖವಾಗಿರುತ್ತೇನೆ. ಅಲ್ಲಿಯ ರುಚಿಯನ್ನೇ ರಂಗಸ್ಥಳದಲ್ಲೂ ಬೇಡಿದ್ದು ಅಭಿಮಾನಿಗಳು. ಬೇಡಿದ್ದನ್ನು ಕೊಟ್ಟವರ ಮೇಲೆ ಸಿಟ್ಟು ಬೇರೆ.

ಪ್ರಶ್ನೆ: ಕೊನೆಯದಾಗಿ, ಹಳೆಯ ಕ್ರಮವನ್ನೇ ಕೇಳಬೇಕು ಎಂಬ ಆಸೆ ಇರುವವನು ಏನು ಮಾಡಬೇಕು?

ಪೆಟ್ಟಿಗೆ: ಹೊತ್ತು ಕೊಡಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದ ಉಂಟು. ಜನರಿಗೂ ಬೆಳಿಗ್ಗೆ ಆಫೀಸು. ಹಾಗಾಗಿ ಕಾಲಮಿತಿ. ಇಡೀ ರಾತ್ರಿಯ ಪ್ರಸಂಗವನ್ನು ಮೂರು ನಾಲ್ಕು ಗಂಟೆಗೆ ಕತ್ತರಿಸುವಾಗ ಮೊದಲು ಹಾರಿಹೋಗುವುದು ನಿಧಾನದ ಪದ್ಯಗಳು, ಪೂರ್ವರಂಗ, ಒಡ್ಡೋಲಗ. ನೀವು ಹುಡುಕುವ ಹಳೆಯ ಮಟ್ಟುಗಳು ಅಡಗಿರುವುದು ಅಲ್ಲಿಯೇ. ಇಲ್ಲಿ ಮಣ್ಣಗುಡ್ಡದಲ್ಲಾಗಲಿ ಉರ್ವದಲ್ಲಾಗಲಿ ಆಟ ಆಡಿಸುವವರು ವೀಳ್ಯ ಕೊಡುವಾಗ ಪ್ರಸಂಗ ಆರಿಸುತ್ತಾರೆ, ಊಟಕ್ಕೆ ಏನೆಂದು ಆರಿಸುತ್ತಾರೆ, ಯಾವ ಭಾಗವತರು ಬೇಕೆಂದೂ ಹೇಳುತ್ತಾರೆ. ‘ಪೂರ್ವರಂಗ ಬಿಡಬೇಡಿ, ಪದ್ಯ ಕಡಿಯಬೇಡಿ, ಸಭಾ ಕಾರ್ಯಕ್ರಮ ನಾವು ಬಿಡುತ್ತೇವೆ’ ಎಂದವರನ್ನು ನಾನು ಕಂಡದ್ದು ಕಡಿಮೆ. ಸನ್ಮಾನಕ್ಕೆ ಮುಕ್ಕಾಲು ಗಂಟೆ ಇದ್ದೇ ಇರುತ್ತದೆ. ಶಾಲು ಹೊದೆಸುವಾಗ ನನ್ನನ್ನು ಬಂದ್ ಮಾಡಿರುತ್ತಾರೆ, ಹಾಗಾಗಿ ಭಾಷಣದ ಶ್ರುತಿ ಹೇಗಿತ್ತು ಎಂದು ಮಾತ್ರ ಹೇಳಲಾರೆ.