ಸಹಭಾಗಿತ್ವದ ಸಂಘಟಕರಿಗೆ ಒಬ್ಬ ಫಲಾನುಭವಿಯ ಓಲೆ

ಮಾನ್ಯರೇ,

‘ಒಣಭೂಮಿ ಬೇಸಾಯದಲ್ಲಿ ಸಹಭಾಗಿತ್ವ’ ಎಂಬ ಮೂರು ದಿನದ ಕಾರ್ಯಾಗಾರಕ್ಕೆ ನನ್ನನ್ನು ಪ್ರಗತಿಪರ ರೈತನೆಂದು ಕರೆದಿದ್ದೀರಿ. ಸಂತೋಷ. ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಬಿತ್ತಿಕೊಂಡು ಇನ್ನೂ ಊರು ಬಿಡದವನಿಗೆ ಆ ಬಿರುದು ಸಲ್ಲತಕ್ಕದ್ದೇ. ಆಧಾರ್ ಪ್ರತಿ, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ ತರಲು ತಿಳಿಸಿದ್ದೀರಿ. ಅಭಿಪ್ರಾಯ ತರಬೇಕೆಂದು ಎಲ್ಲೂ ಬರೆದಿಲ್ಲವಾದ್ದರಿಂದ ಈ ಓಲೆಯಲ್ಲೇ ಕಳಿಸುತ್ತಿದ್ದೇನೆ.

ದಿನಾಂಕ ನೋಡಿದೆ: ಜುಲೈ ಮೊದಲ ವಾರ. ಆರಿದ್ರ ಮುಗಿದು ಪುನರ್ವಸು ಹುಟ್ಟುವ ಹೊತ್ತು. ನಮ್ಮ ಕೆಂಪು ಮಣ್ಣಿನಲ್ಲಿ ಒಂದು ಮಳೆಗೆ ಬಿತ್ತುವ ಹದ ನಿಲ್ಲುವುದೇ ಎರಡು ಮೂರು ದಿನ. ರೈತ ಬಿಡುವಾಗಿರುವ ಮಾರ್ಚಿಯಲ್ಲಿ ಕರೆಯೋಣವೆಂದರೆ ನಿಮಗೆ ಲೆಕ್ಕ ಮುಗಿಸುವ ಆತುರ, ಅರ್ಥವಾಗುತ್ತದೆ.

ಸಹಭಾಗಿತ್ವಕ್ಕೆ ನಾನು ಹೊಸಬನಲ್ಲ. ಜಲಾನಯನ ಸಂಘದ ಸದಸ್ಯ, ಕೆರೆ ಬಳಕೆದಾರರ ಸಂಘದ ನಿರ್ದೇಶಕ, ರೈತ ಉತ್ಪಾದಕರ ಕಂಪನಿಯ ಷೇರುದಾರ. ಕೆರೆಯಲ್ಲಿ ನೀರಿಲ್ಲ, ಸಂಘದಲ್ಲಿ ಕೋರಂ ಇದೆ. ಯೋಜನೆ ಬಂದಾಗಲೆಲ್ಲ ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸುತ್ತೀರಿ. ನಮ್ಮ ಹೆಂಗಸರು ಈಗ ಕಣ್ಣು ಮುಚ್ಚಿಕೊಂಡೇ ಹಳ್ಳದ ತಿರುವು ಬಿಡಿಸುತ್ತಾರೆ. ಫೋಟೋ ತೆಗೆದು ನೀವು ಹೊರಟ ಮೇಲೆ ಹಳ್ಳವನ್ನು ಕುರಿಮಂದೆ ತುಳಿದು ಅಳಿಸುತ್ತದೆ.

ನಡೆದದ್ದೆಲ್ಲ ನಾಟಕವೆಂದರೆ ನಾಲಿಗೆ ಸೀಳೀತು. 2001ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಐದು ಜಿಲ್ಲೆಗಳಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯಲ್ಲಿ ಉಪಗ್ರಹದ ಚಿತ್ರವೂ ಇತ್ತು, ಬದು ಎಲ್ಲಿ ಹಾಕೋಣವೆಂದು ಹೊಲದವನನ್ನು ಕೇಳುವ ಪದ್ಧತಿಯೂ ಇತ್ತು. ಖರ್ಚಿನಲ್ಲಿ ಅವನ ಪಾಲೂ ಸೇರಿದ್ದರಿಂದ ಬದು ಒಡೆದರೆ ಅವನೇ ಸಲಿಕೆ ಹಿಡಿಯುತ್ತಿದ್ದ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ತಂದ ಭೂಚೇತನ ಯೋಜನೆ ಮಣ್ಣು ಪರೀಕ್ಷಿಸಿ, ಗಂಧಕ, ಸತು, ಬೋರಾನ್ ಸಾಲದೆಂದು ತೋರಿಸಿತು. ಅದನ್ನು ಬಂದು ಹೇಳಿದವನು ಊರಿನವನೇ ಆದ ರೈತ ಅನುವುಗಾರ. ಸುಳ್ಳು ಹೇಳಿದರೆ ಸಂಜೆ ಅರಳಿಕಟ್ಟೆಯಲ್ಲಿ ಕೈಗೆ ಸಿಗುತ್ತಿದ್ದ. ಇಂಥ ಉತ್ತರದಾಯಿತ್ವ ಅಪಾಯಕಾರಿ ಎಂದು ಯಾರಿಗೋ ಹೊಳೆದಿರಬೇಕು. ಈಗ ನಮಗೆ ಮೊಬೈಲ್ ಆ್ಯಪ್ ಇದೆ.

ಬೀಜದ ಗೋಷ್ಠಿಯೂ ಉಂಟಂತೆ. ನಮ್ಮ ಕಡೆ ಇನ್ನೂ ಹೆಸರು ಕೇಳುವ ಟಿಎಂವಿ-2 ಶೇಂಗಾ ತಳಿ ತಿಂಡಿವನಂ ಸಂಶೋಧನಾ ಕೇಂದ್ರದಿಂದ ಹೊರಬಂದದ್ದು 1940ರಲ್ಲಿ. ನಿಮ್ಮ ಸಭೆಯಲ್ಲಿ ಅದಕ್ಕಿಂತ ಹಿರಿಯರು ಯಾರೂ ಇರಲಾರರು, ಉದ್ಘಾಟನೆಗೆ ಅದನ್ನೇ ಕರೆಯಬಹುದು.

ನಿಜವಾಗಿ ಕೂಡಿ ಮಾಡಿದ್ದನ್ನು ನೋಡಬೇಕಿದ್ದರೆ ಗಡಿ ದಾಟಿ ಆಂಧ್ರದ ಅನಂತಪುರದ ಕಡೆ ಹೋಗಿ. ಅಲ್ಲಿನ ಕೆಲವು ಹಳ್ಳಿಗಳಲ್ಲಿ ಬೋರಿದ್ದವರು ತಮ್ಮ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಬೋರಿಲ್ಲದವರ ಬೆಳೆಗೂ ಒಣಗುವ ಹೊತ್ತಿಗೆ ನೀರು ಕೊಡುವ ಕರಾರು ಮಾಡಿಕೊಂಡರು. ಪ್ರತಿಯಾಗಿ ಯಾರೂ ಹೊಸ ಬೋರು ಕೊರೆಸಬಾರದು. ಶೇಂಗಾ ಬೆಳೆದವರಿಗೆ ಇದರ ಬೆಲೆ ಗೊತ್ತು: ಹೂವಿನಿಂದ ಊಡು ಮಣ್ಣಿಗೆ ಇಳಿಯುವಾಗ ನೆಲ ಗಟ್ಟಿಯಾಗಿದ್ದರೆ ಕಾಯಿ ಕಟ್ಟುವುದಿಲ್ಲ, ಆಗ ಸಿಕ್ಕ ಒಂದು ನೀರು ಇಡೀ ವರ್ಷದ ಸಾಲವನ್ನು ತಡೆಯಬಲ್ಲದು. ಬೋರಿದ್ದವನು ಯಾಕೆ ಒಪ್ಪಿದ? ಧರ್ಮಕ್ಕಲ್ಲ. ಪಕ್ಕದವನು ಇನ್ನೂ ಆಳಕ್ಕೆ ಕೊರೆಸಿದ ದಿನ ತನ್ನದು ಬತ್ತುತ್ತದೆಂಬ ಭಯಕ್ಕೆ. ಆ ಭಯ ನಮ್ಮೂರಲ್ಲೂ ಧಾರಾಳವಾಗಿದೆ. ಆದರೆ ನಮ್ಮಲ್ಲಿ ಅಣ್ಣನ ಬೋರಿನ ಎದುರಿಗೇ ತಮ್ಮ ರಿಗ್ ತಂದು ನಿಲ್ಲಿಸುತ್ತಾನೆ, ನಿಮ್ಮ ಅರ್ಜಿ ನಮೂನೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಸಾಲು ಇರುತ್ತದೆ. ಕೃಷಿಹೊಂಡವೂ ಹಾಗೆಯೇ, ತಲೆಗೊಂದು. ಎಲ್ಲರದೂ ಆದ ಗೋಕಟ್ಟೆಗೆ ಫಲಾನುಭವಿ ಎಂದು ಯಾರ ಹೆಸರು ಬರೆಯುವುದು?

ನಮ್ಮ ಭಾಗದಲ್ಲಿ ಗೆದ್ದ ಸಾಮೂಹಿಕ ಪ್ರಯತ್ನವೂ ಒಂದಿದೆ, ಮರೆಯಬಾರದು. ಪಕ್ಕದ ಪಾವಗಡದಲ್ಲಿ ರೈತರು ಒಗ್ಗೂಡಿ ಸುಮಾರು 13,000 ಎಕರೆಯನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು, 2,050 ಮೆಗಾವಾಟ್ ಸಾಮರ್ಥ್ಯ. ಇವರೆಲ್ಲ ಒಮ್ಮತದಿಂದ ಕೂಡಿ ಮಾಡಿದ್ದೆಂದರೆ ಬೇಸಾಯ ಬಿಟ್ಟದ್ದು. ಅವರನ್ನು ದೂರುವ ಬಾಯಿ ನನಗಿಲ್ಲ, ಮಳೆಯಂತೆ ಬಿಸಿಲು ಕೈಕೊಡುವುದಿಲ್ಲ. ಆ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ, ಕಳೆ ಕೀಳಲು ಹೋಗುತ್ತಿದ್ದವರಿಗೆ ಪಹಣಿ ಇರಲಿಲ್ಲ, ಹಾಗಾಗಿ ಬಾಡಿಗೆಯೂ ಇಲ್ಲ. ಅವರನ್ನು ನಿಮ್ಮ ಯಾವ ಗೋಷ್ಠಿಗೆ ಹಾಕಿದ್ದೀರೆಂದು ಆಮಂತ್ರಣದಲ್ಲಿ ಹುಡುಕಿದೆ. ಊಟದ ವಿರಾಮದ ನಂತರವೂ ಕಾಣಲಿಲ್ಲ.

ಇನ್ನು ನಾನು ಬರುವ ವಿಚಾರ. ನಮ್ಮಲ್ಲಿ ಮುಯ್ಯಾಳು ಎಂಬ ಹಳೆಯ ರೂಢಿ ಇತ್ತು, ಈಗಲೂ ಅಲ್ಲಲ್ಲಿ ಉಸಿರಾಡುತ್ತಿದೆ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿ ಇಲ್ಲ, ರಸೀದಿ ಇಲ್ಲ, ಬಾಕಿ ಉಳಿಸಿಕೊಂಡವನು ಮಾತ್ರ ತಲೆಯೆತ್ತಿ ಓಡಾಡುವಂತಿಲ್ಲ. ನಿಮ್ಮೊಡನೆಯೂ ಅದೇ ಕರಾರಿಗೆ ನಾನು ಸಿದ್ಧ. ಈ ವಾರ ಮಳೆ ಬಂದರೆ ನಿಮ್ಮಲ್ಲಿ ಮೂವರು ಬನ್ನಿ. ಕೂರಿಗೆ ಹಿಡಿಯಲು ಬಾರದಿದ್ದರೂ ಸರಿ, ಸಾಲಿಗೆ ಬೀಜ ಬಿಡಲು ನಮ್ಮವ್ವ ಕಲಿಸುತ್ತಾಳೆ. ಮೂರು ದಿನ ದುಡಿದರೆ, ಬಿತ್ತನೆ ಮುಗಿದ ಮೇಲೆ ಯಾವ ಮೂರು ದಿನ ಹೇಳಿದರೂ ನಿಮ್ಮ ಸಭಾಂಗಣದಲ್ಲಿ ಕೂತು, ಎಲ್ಲ ಸ್ಲೈಡುಗಳನ್ನೂ ನೋಡಿ, ಮುಯ್ಯಿ ತೀರಿಸುತ್ತೇನೆ.

ಇಂತಿ ತಮ್ಮ,
ಸರದಿ ಸಂಖ್ಯೆ ನೀವೇ ತುಂಬಿಕೊಳ್ಳಬೇಕಾದ ಫಲಾನುಭವಿ