ಉಪಚಾರಮೀಮಾಂಸೆ

ಶಾಸ್ತ್ರಕ್ಕೆ ಒಳಪಡದ ವಸ್ತು ಲೋಕದಲ್ಲಿಲ್ಲವೆಂದು ನಮ್ಮ ಪೂರ್ವಿಕರು ಹೆಮ್ಮೆಪಟ್ಟುಕೊಂಡಿದ್ದರು. ಆ ಹೆಮ್ಮೆಗೆ ಆಧಾರವೂ ಇಲ್ಲದಿರಲಿಲ್ಲ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ ಅಡುಗೆಯ ಪಾಕವನ್ನೂ, ಗಿಡಮರಗಳ ಚಿಕಿತ್ಸೆಯನ್ನೂ, ಸುಗಂಧದ್ರವ್ಯಗಳ ಮಿಶ್ರಣವನ್ನೂ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯನ್ನೂ ಕನ್ನಡಿಗರಿಗೆ ಕನ್ನಡದಲ್ಲಿಯೇ ಬೋಧಿಸಿದನು, ಅದಾದ ಸುಮಾರು ಒಂದು ಶತಮಾನಕ್ಕೆ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಆನೆ ಕುದುರೆಗಳಿಂದ ಹಿಡಿದು ಭೋಜನ ವಿನೋದಗಳವರೆಗೆ ಅರಸನೊಬ್ಬನಿಗೆ ಬೇಕಾದ ಸಮಸ್ತ ಸುಖಗಳನ್ನೂ ವಿಂಗಡಿಸಿಟ್ಟನು. ಇಂಥ ಮಹನೀಯರು ಆಗಿಹೋದ ನಾಡಿನಲ್ಲಿ, ಮನೆಯಂಗಳದ ಹೂವಿಗೂ, ಅದರ ಪಕ್ಕದಲ್ಲಿ ನಿಂತ ಹಳೆಯ ಮೋಟಾರಿಗೂ, ಇವೆರಡರ ನಡುವೆ ನಿಂತ ಗೃಹಸ್ಥನಿಗೂ ಇರುವ ತಾತ್ತ್ವಿಕ ಸಂಬಂಧವನ್ನು ಕುರಿತು ಒಂದು ಓಲೆಗರಿಯೂ ದೊರೆಯದಿರುವುದು ನಮ್ಮ ವಾಙ್ಮಯದ ಮಹಾಲೋಪವೆಂದೇ ಹೇಳಬೇಕು. ಆ ಲೋಪವನ್ನು ತುಂಬುವ ಭಾರವನ್ನು, ಹೊರಲು ಬೇರೆ ಯಾರೂ ಮುಂದೆ ಬಾರದ ಕಾರಣ, ಪ್ರಸ್ತುತ ಲೇಖಕನು ವಹಿಸಿಕೊಂಡಿದ್ದಾನೆ.

ಪ್ರಬಂಧದ ಪ್ರತಿಜ್ಞೆ ಇಷ್ಟು: ಯಾವ ವಸ್ತುವಿನ ಉಪಯೋಗವು ಕ್ಷೀಣಿಸುತ್ತ ಹೋಗುವುದೋ ಅದಕ್ಕೆ ಸಲ್ಲುವ ಉಪಚಾರವು ಅದೇ ಪ್ರಮಾಣದಲ್ಲಿ ವರ್ಧಿಸುತ್ತ ಹೋಗುತ್ತದೆ. ಇದನ್ನು ಸಾಧಿಸಲು ಆಯ್ದುಕೊಂಡ ಕ್ಷೇತ್ರವು ಬೆಂಗಳೂರಿನ ದಕ್ಷಿಣಭಾಗದ ಒಂದು ಮೂವತ್ತು-ನಲವತ್ತರ ನಿವೇಶನ. ಅದರಲ್ಲಿ ಮನೆಯು ಉಳಿಸಿದ ಜಾಗದಲ್ಲಿ ತೋಟವೂ, ತೋಟವು ಉಳಿಸಿದ ಜಾಗದಲ್ಲಿ 1978ರ ಪ್ರೀಮಿಯರ್ ಪದ್ಮಿನಿಯೂ, ಪದ್ಮಿನಿಯು ಉಳಿಸಿದ ಜಾಗದಲ್ಲಿ ಲೇಖಕನ ಕುರ್ಚಿಯೂ ಇರುವುದರಿಂದ, ಮೂರು ವಿಷಯಗಳನ್ನೂ ಏಕಕಾಲದಲ್ಲಿ ಅವಲೋಕಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ವೇಧಶಾಲೆ ಮತ್ತೊಂದಿಲ್ಲ.

ಮೊದಲು ತೋಟವನ್ನು ತೆಗೆದುಕೊಳ್ಳೋಣ. ಕಾಂಪೌಂಡಿನ ಮೂಲೆಯಲ್ಲಿ ನುಗ್ಗೆಯ ಮರವೊಂದಿದೆ. ವರ್ಷದ ಬಹುಭಾಗ ಹುಳಿಗೆ ಕಾಯನ್ನೂ ಪಲ್ಯಕ್ಕೆ ಸೊಪ್ಪನ್ನೂ ಕೊಡುವ ಈ ಉಪಕಾರಿಗೆ ಯಾರೂ ನೀರೆರೆದುದನ್ನು ಲೇಖಕನು ಕಂಡಿಲ್ಲ. ಕರಿಬೇವಿನ ಗಿಡಕ್ಕೆ ದೊರೆಯುವ ಉಪಚಾರವೆಂದರೆ ಒಗ್ಗರಣೆಯ ವೇಳೆಗೆ ಅವಸರದಲ್ಲಿ ಒಂದು ರೆಂಬೆಯನ್ನು ಮುರಿಯುವುದು. ಆದರೆ ಇದೇ ಅಂಗಳದಲ್ಲಿ, ಬಿಸಿಲು ನೇರವಾಗಿ ತಾಗದ ಆಯಕಟ್ಟಿನ ಸ್ಥಾನದಲ್ಲಿ, ಬ್ರಹ್ಮಕಮಲವೆಂಬ ಕುಂಡವೊಂದು ವಿರಾಜಮಾನವಾಗಿರುವುದಷ್ಟೆ. ಹೆಸರು ಬ್ರಹ್ಮನದಾದರೂ ಇದರ ತವರು ಮೆಕ್ಸಿಕೋ ಮತ್ತು ಅದರ ದಕ್ಷಿಣದ ಸೀಮೆ, ಕುಲ ಪಾಪಾಸುಕಳ್ಳಿಯದು, ಹಿಮಾಲಯದಲ್ಲಿ ಇದೇ ಹೆಸರನ್ನು ಧರಿಸಿರುವ ನಿಜವಾದ ಬ್ರಹ್ಮಕಮಲಕ್ಕೂ ಇದಕ್ಕೂ ಯಾವ ಬಾಂಧವ್ಯವೂ ಇಲ್ಲ. ಎಲೆಯೆಂದು ನಾವು ಕರೆಯುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ಅದರ ಅಂಚಿನಿಂದಲೇ ಮೊಗ್ಗು ಹೊರಡುತ್ತದೆ. ಆ ಕಾಂಡದ ಒಂದು ತುಂಡನ್ನು ಮಣ್ಣಿನಲ್ಲಿ ಊರಿದರೆ ಸಾಕು, ಗಿಡವಾಗುತ್ತದೆ. ಆದಕಾರಣ ಇದು ಅಂಗಡಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಅರಿಸಿನ ಕುಂಕುಮಕ್ಕೆ ಹೋದವರ ಕೈಚೀಲದಲ್ಲಿ ಮನೆಯಿಂದ ಮನೆಗೆ ಸಂಚರಿಸುತ್ತದೆ.

ಈ ಹೂವು ಮುಡಿಯುವುದಕ್ಕೆ ಬಾರದು, ಮಾಲೆ ಕಟ್ಟುವುದಕ್ಕೆ ಬಾರದು, ಬೆಳಗಿನ ಪೂಜೆಯವರೆಗೆ ಉಳಿಯದು. ಮಳೆಗಾಲದ ಯಾವುದೋ ಒಂದು ರಾತ್ರಿ ಎಂಟೊಂಬತ್ತು ಗಂಟೆಗೆ ಬಿರಿಯಲಾರಂಭಿಸಿ, ನಡುರಾತ್ರಿಗೆ ಪೂರ್ಣವಾಗಿ ಅರಳಿ, ಸೂರ್ಯೋದಯದೊಳಗೆ ಬಾಡಿ ಜೋತುಬೀಳುತ್ತದೆ. ಉಪಯೋಗವು ಇಷ್ಟು ಶೂನ್ಯವಾಗಿರುವುದರಿಂದಲೇ ಉಪಚಾರವು ಪರಾಕಾಷ್ಠೆಗೆ ಏರಿದೆ. ಮೊಗ್ಗು ಬಾಗಿ ಮೇಲೆದ್ದಿತೆಂಬ ವಾರ್ತೆಯು ಮಧ್ಯಾಹ್ನವೇ ಬೀದಿಗೆಲ್ಲ ಹರಡುತ್ತದೆ, ರಾತ್ರಿ ಊಟ ಮುಗಿಸಿದ ನೆರೆಹೊರೆಯವರು ಮಕ್ಕಳುಮರಿಗಳೊಡನೆ ಬಂದು ಕುಂಡವನ್ನು ಸುತ್ತುವರಿಯುತ್ತಾರೆ, ಗೃಹಿಣಿಯು ಕುಂಕುಮವಿಟ್ಟು ಆರತಿಯೆತ್ತುತ್ತಾಳೆ, ಎಲ್ಲರಿಗೂ ಕಾಫಿಯಾಗುತ್ತದೆ. ಅತ್ತ ನುಗ್ಗೆಯ ಮರವು ಕತ್ತಲಲ್ಲಿ ತನ್ನ ಪಾಡಿಗೆ ಕಾಯಿ ಬಿಡುತ್ತಿರುತ್ತದೆ. ಪ್ರತಿಜ್ಞೆಗೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವು ಬೇಕೆ?

ದಾಸವಾಳ, ನಂದಿಬಟ್ಟಲುಗಳ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವುಗಳನ್ನು ಬೆಳೆಯುವವರು ನಾವಾದರೂ ಕೊಯ್ಯುವವರು ಪ್ರಾತಃಕಾಲದ ವಾಯುವಿಹಾರಿಗಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಪುಟ್ಟ ದೋಟಿ, ಬಾಯಲ್ಲಿ ಸಹಸ್ರನಾಮ ಇವುಗಳಿಂದ ಸಜ್ಜಿತರಾಗಿ ಬರುವ ಈ ಭಕ್ತಸಮೂಹವು, ದೇವರಿಗೆಂದು ಕಿತ್ತ ಹೂವು ಕಳವಲ್ಲವೆಂಬ ವಾದವನ್ನು ಕಾಂಪೌಂಡಿನ ಎತ್ತರಕ್ಕೆ ಅನುಗುಣವಾಗಿ ವ್ಯಾಖ್ಯಾನಿಸಿಕೊಂಡಿದೆ. ಉದುರಿದ ಹೂವು ಪೂಜೆಗೆ ಸಲ್ಲದೆಂಬ ನಿಯಮಕ್ಕೆ ಪಾರಿಜಾತವು ಅಪವಾದವಾಗಿರುವುದರಿಂದ ಅದನ್ನು ರಸ್ತೆಯಲ್ಲಿ ಬಗ್ಗಿ ಆರಿಸುವ ಶ್ರಮವಿದೆ. ಅದು ಮಾತ್ರ ನಮಗೆ ಉಳಿಯುತ್ತದೆ.

ಇನ್ನು ಪದ್ಮಿನಿ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬೊಂಬಾಯಿಯ ಕುರ್ಲಾದಲ್ಲಿ ಜನ್ಮತಾಳಿ, 1972ರಲ್ಲಿ ಪ್ರೆಸಿಡೆಂಟ್ ಎಂಬ ಪದವಿಯನ್ನು ಪಡೆದು, 1974ರಲ್ಲಿ ಆ ಪದವಿಯನ್ನು ತೊರೆದು ಪದ್ಮಿನಿಯಾದ ಈ ವಾಹನಕ್ಕೆ 1089 ಘನ ಸೆಂಟಿಮೀಟರಿನ ಇಂಜಿನ್ನೂ, ಸ್ಟೀಯರಿಂಗಿನ ಕುತ್ತಿಗೆಯಲ್ಲಿ ಗೇರೂ ಇರುವುದು ಸರ್ವವಿದಿತ. ಸಂಶೋಧಕನಿಗೆ ಇದರ ಕಾಲನಿರ್ಣಯವು ಸುಲಭವಲ್ಲ. ಓಡಿದ ದೂರವನ್ನು ತೋರಿಸುವ ಯಂತ್ರದಲ್ಲಿ ಅಂಕಿಗಳು ಐದೇ ಆಗಿರುವುದರಿಂದ, 99,999 ಕಿಲೋಮೀಟರು ಮುಗಿದೊಡನೆ ಅದು ಮತ್ತೆ ಸೊನ್ನೆಯಿಂದ ಸಂಸಾರವನ್ನು ಆರಂಭಿಸುತ್ತದೆ. ಸಂವತ್ಸರದ ಹೆಸರನ್ನು ಮಾತ್ರ ಹೇಳಿ ಶಕವರ್ಷವನ್ನು ಹೇಳದ ಶಾಸನವು, ಅರವತ್ತು ವರ್ಷಗಳ ಯಾವ ಆವರ್ತಕ್ಕೆ ಸೇರಿದುದೆಂದು ತಿಳಿಯದೆ ವಿದ್ವಾಂಸರನ್ನು ಹೇಗೆ ಕಾಡುತ್ತದೆಯೋ ಹಾಗೆಯೇ ಈ ಮೀಟರೂ ಕಾಡುತ್ತದೆ. ಸದ್ಯಕ್ಕೆ ಅದು 41,200 ಎಂದು ತೋರಿಸುತ್ತಿದೆ. ಎಷ್ಟನೆಯ ಆವರ್ತವೆಂಬುದನ್ನು ಗ್ಯಾರೇಜಿನ ಮೇಸ್ತ್ರಿಯು ಇಂಜಿನ್ನಿನ ಧ್ವನಿಯಿಂದ ಊಹಿಸಬಲ್ಲನಂತೆ, ಆದರೆ ಹೇಳುವುದಿಲ್ಲ.

ತಾರ್ಕಿಕರಿಗೂ ಇಲ್ಲಿ ಕಲಿಯತಕ್ಕದ್ದಿದೆ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದರೊಳಗೆ ನ್ಯಾಯಶಾಸ್ತ್ರದ ಬಾಲಪಾಠವು ಮುಗಿಯಿತು. ಹೊಗೆಯ ಬಣ್ಣವನ್ನು ಅವರು ವಿಚಾರಿಸಲಿಲ್ಲ. ಹಳೆಯ ಕಾರಿನ ಹಿಂದೆ ನೀಲಿ ಹೊಗೆ ಕಂಡರೆ ಪಿಸ್ಟನ್ನಿನ ರಿಂಗುಗಳು ಸವೆದು ಇಂಜಿನ್ ಆಯಿಲ್ ಸುಡುತ್ತಿದೆಯೆಂದೂ, ಕಪ್ಪಾಗಿದ್ದರೆ ಕಾರ್ಬ್ಯುರೇಟರು ಅಳತೆ ಮೀರಿ ಪೆಟ್ರೋಲನ್ನು ಬಿಡುತ್ತಿದೆಯೆಂದೂ, ಬಿಳಿಯದಾಗಿ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಒಳಹೊಕ್ಕಿದೆಯೆಂದೂ ತಿಳಿಯತಕ್ಕದ್ದು. ಹೊಗೆಯೇ ಇಲ್ಲದಿದ್ದರೆ ಕಾರು ಹೊರಟೇ ಇಲ್ಲವೆಂದು ಸಿದ್ಧ.

ಹೊರಡಿಸುವ ವಿಧಾನವನ್ನು ಕುರಿತು ಹೇಳುವಾಗ ಕವಿಸಮಯವನ್ನು ಆಶ್ರಯಿಸದೆ ಗತ್ಯಂತರವಿಲ್ಲ. ಸುಂದರಿಯ ಪಾದತಾಡನದಿಂದ ಅಶೋಕವೂ, ಅವಳು ಮುಕ್ಕುಳಿಸಿದ ಮದ್ಯದಿಂದ ಬಕುಲವೂ, ಆಲಿಂಗನದಿಂದ ಕುರವಕವೂ ಹೂಬಿಡುವುವೆಂದು ನಮ್ಮ ಪ್ರಾಚೀನ ಕವಿಗಳು ನಂಬಿದ್ದರು. ಇದಕ್ಕೆ ದೋಹದವೆಂದು ಹೆಸರು. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ ಉಯ್ಯಾಲೆಯಿಂದ ಬಿದ್ದು ಕಾಲು ನೋಯಿಸಿಕೊಂಡ ರಾಣಿಯು ಅಶೋಕವನ್ನು ಒದೆಯುವ ಕೆಲಸವನ್ನು ಮಾಲವಿಕೆಗೆ ವಹಿಸಿದುದರಿಂದಲೇ ಕಥೆಯು ಮುಂದುವರಿಯುತ್ತದೆ. ವೃಕ್ಷಗಳ ವಿಷಯದಲ್ಲಿ ಇದು ಕಲ್ಪನೆಯಾಗಿರಬಹುದು. ಪದ್ಮಿನಿಯ ವಿಷಯದಲ್ಲಿ ವಸ್ತುಸ್ಥಿತಿ. ಬೇಸಗೆಯ ಸಿಗ್ನಲ್ಲಿನಲ್ಲಿ, ಪೆಟ್ರೋಲು ಕಾರ್ಬ್ಯುರೇಟರನ್ನು ಮುಟ್ಟುವ ಮೊದಲೇ ಕೊಳವೆಯಲ್ಲಿ ಕಾದು ಆವಿಯಾಗಿ ಇಂಜಿನ್ನು ನಿಂತುಬಿಟ್ಟಾಗ, ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆಯನ್ನು ಹಾಕಿ ಜ್ವರಪೀಡಿತ ಶಿಶುವಿನಂತೆ ಉಪಚರಿಸಬೇಕು. ಚಳಿಗಾಲದ ಮುಂಜಾನೆ ಚೋಕ್ ಎಳೆದು ಕಾಯಬೇಕು. ಬ್ಯಾಟರಿ ಬಿದ್ದಾಗ ಹಿಂದಿನಿಂದ ನೂಕಬೇಕು. ನೂಕುವವಳು ಗೃಹಿಣಿ, ಸ್ಟೀಯರಿಂಗ್ ಹಿಡಿದು ಧೈರ್ಯ ಹೇಳುವವನು ಗೃಹಸ್ಥ ಎಂಬ ಕರ್ತವ್ಯವಿಭಾಗವು ನಮ್ಮಲ್ಲಿ ಪರಂಪರಾಗತ.

ಹೀಗಿರಲು ಒಂದು ಭಾನುವಾರ ಹಳೆಯ ಮೋಟಾರುಗಳ ಪ್ರದರ್ಶನವು ನಗರದಲ್ಲಿ ಏರ್ಪಾಟಾಗಿದೆಯೆಂದು ತಿಳಿದುಬಂದುದರಿಂದ, ಸಿದ್ಧಾಂತವನ್ನು ವಿಶಾಲಕ್ಷೇತ್ರದಲ್ಲಿ ಪರೀಕ್ಷಿಸುವ ಉದ್ದೇಶದಿಂದ ಲೇಖಕನು ಸಕುಟುಂಬನಾಗಿ, ಪುಳಿಯೋಗರೆ ಮೊಸರನ್ನಗಳ ಬುತ್ತಿಸಹಿತನಾಗಿ, ಪದ್ಮಿನಿಯಲ್ಲಿಯೇ ಪ್ರಯಾಣ ಬೆಳೆಸಿದನು. ಅದು ಒಂದು ಸಲವೂ ನಿಲ್ಲದೆ ಹೋಯಿತೆಂಬುದನ್ನು ಇಲ್ಲಿ ದಾಖಲಿಸುವುದು ಧರ್ಮ.

ಮೈದಾನದಲ್ಲಿ ಕಂಡುದೆಲ್ಲವೂ ಪ್ರತಿಜ್ಞೆಗೆ ಭಾಷ್ಯವೇ ಆಗಿದ್ದಿತು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚಾಗಿ ತಯಾರಾಗಿ ರೈತರ ಹುಲ್ಲನ್ನೂ ಹಂದಿಗಳನ್ನೂ ಹೊತ್ತು ಅಮೆರಿಕೆಯನ್ನೆಲ್ಲ ಸುತ್ತಿದ ಫೋರ್ಡ್ ಟಿ ಮಾದರಿಯ ಕಾರೊಂದು ರತ್ನಗಂಬಳಿಯ ಮೇಲೆ ನಿಂತಿದ್ದಿತು. ಅದರ ಕಾಲಿನ ಕೆಳಗಿನ ಪೆಡಲುಗಳು ಮೂರು. ಎಡಗಡೆಯದು ಗೇರಿಗೆ, ನಡುವಿನದು ಹಿಮ್ಮುಖ ಚಲನೆಗೆ, ಬಲಗಡೆಯದು ಬ್ರೇಕಿಗೆ. ವೇಗವನ್ನು ಹೆಚ್ಚಿಸುವ ಕಾರ್ಯವು ಕೈಗೆ ಸೇರಿದ್ದು. ಇಂದಿನ ಚಾಲಕನು ಅಭ್ಯಾಸಬಲದಿಂದ ಬಲಗಾಲನ್ನು ಒತ್ತಿದರೆ ಕಾರು ನಿಲ್ಲುತ್ತದೆ. ಅವಸರದ ಈ ಯುಗಕ್ಕೆ ಇದರಷ್ಟು ಯೋಗ್ಯವಾದ ವಾಹನ ಬೇರೊಂದಿಲ್ಲವೆಂದು ಲೇಖಕನ ಅಭಿಪ್ರಾಯ. ಅದರ ಆಚೆಗೆ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಮಡ್‌ಗಾರ್ಡುಗಳನ್ನೂ ಸೇರಿಸಿಕೊಂಡು ಮುಂದಕ್ಕೆ ಮಗುಚುವ ತನ್ನ ಬಾನೆಟ್ಟನ್ನು ಪೂರ್ತಿಯಾಗಿ ತೆರೆದುಕೊಂಡು, ದಂತವೈದ್ಯನ ಮುಂದೆ ಕುಳಿತವರ ಭಂಗಿಯಲ್ಲಿ ನಿಂತಿದ್ದಿತು. ಉತ್ತರಪಾರಾದ ಅಂಬಾಸಿಡರ್‌ಗಳಂತೂ ಸಾಲುಗಟ್ಟಿದ್ದುವು. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಎರಕಗೊಂಡು 2014ರವರೆಗೂ ತಯಾರಾದ ಈ ವಾಹನದ ಮುಂದೆ ನಿಂತ ಪ್ರತಿಯೊಬ್ಬ ಪ್ರೇಕ್ಷಕನೂ “ನಮ್ಮ ತಂದೆಯವರ ಹತ್ತಿರ ಇದೇ ಇತ್ತು” ಎಂದು ಉದ್ಗರಿಸುತ್ತಿದ್ದನು. ಅಷ್ಟು ಜನರ ತಂದೆಯರೂ ನಿಜವಾಗಿ ಕೊಂಡಿದ್ದ ಪಕ್ಷದಲ್ಲಿ ಆ ಕಾರ್ಖಾನೆಯನ್ನು ಮುಚ್ಚುವ ಪ್ರಮೇಯವೇ ಬರುತ್ತಿರಲಿಲ್ಲ.

ಪ್ರತಿಯೊಂದು ಕಾರಿನ ಸುತ್ತಲೂ ಹಗ್ಗ. ಹಗ್ಗಕ್ಕೆ ‘ಮುಟ್ಟಬೇಡಿ’ ಎಂಬ ಫಲಕ. ಇಂಜಿನ್ನಿನ ಕೆಳಗೆ, ತೊಟ್ಟಿಕ್ಕುವ ಆಯಿಲನ್ನು ಹಿಡಿಯಲು ಚಪ್ಪಟೆ ಮಾಡಿದ ರಟ್ಟಿನ ಪೆಟ್ಟಿಗೆ. 1889ರಲ್ಲಿ ತಳಹದಿ ಹಾಕಿದ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಾಚರಣೆಗೂ ಫಲಪುಷ್ಪ ಪ್ರದರ್ಶನವು ನಡೆಯುವಾಗ, ಲಕ್ಷಾಂತರ ಹೂಗಳಿಂದ ಕಟ್ಟಿದ ಗೋಪುರ ಮಂಟಪಗಳ ಸುತ್ತ ಕಟ್ಟುವುದೂ ಇದೇ ಹಗ್ಗವನ್ನೇ. ಉಪಚಾರದ ಪ್ರಮಾಣವನ್ನು ಅಳೆಯಲು ಹಗ್ಗಕ್ಕಿಂತ ನಿಖರವಾದ ಮಾನದಂಡವಿಲ್ಲ.

ಆ ಸಾಲಿನ ಕೊನೆಯಲ್ಲಿಯೇ ನಿರ್ಣಾಯಕ ಸಾಕ್ಷ್ಯವು ದೊರೆತುದು. ಅಲ್ಲಿ ಒಂದು ಪದ್ಮಿನಿ ನಿಂತಿದ್ದಿತು. ಅದೇ 1978ರದು, ಅದೇ ಹಾಲುಬಿಳುಪು. ಅದರ ಯಜಮಾನರು ಮೆತ್ತನೆಯ ಬಟ್ಟೆಯಿಂದ ದೀಪದ ಬಳೆಯನ್ನು ಒರೆಸುತ್ತಿದ್ದರು. ಗೃಹಿಣಿಯು ಕೆಲಕಾಲ ನೋಡಿ,

“ನಮ್ಮದೂ ಇದೇ ಅಲ್ವೇನ್ರೀ? ಇದಕ್ಕೆ ಮಾತ್ರ ಯಾಕೆ ಹಗ್ಗ?” ಎಂದಳು.

ವಿಚಾರಿಸಲಾಗಿ, ಆ ಕಾರು ಅಲ್ಲಿಗೆ ಓಡಿಕೊಂಡು ಬಂದುದಲ್ಲ, ಲಾರಿಯ ಮೇಲೆ ಬಂದುದು, ರಸ್ತೆಗೆ ಇಳಿಯುವುದೇ ಇಲ್ಲವೆಂದು ತಿಳಿಯಿತು. ನಮ್ಮದಾದರೋ ನಾಲ್ವರನ್ನೂ ಬುತ್ತಿಯನ್ನೂ ಹೊತ್ತು ತಂದು ಹೊರಗಿನ ಬಯಲಿನಲ್ಲಿ, ಸ್ಕೂಟರುಗಳ ನಡುವೆ, ನಿಲುಗಡೆಯ ಶುಲ್ಕವನ್ನು ತೆತ್ತು ನಿಂತಿದ್ದಿತು. ಓಡುವುದಕ್ಕೆ ಶುಲ್ಕ, ಓಡದಿರುವುದಕ್ಕೆ ರತ್ನಗಂಬಳಿ! ಪ್ರತಿಜ್ಞೆಯು ನಿಸ್ಸಂಶಯವಾಗಿ ಸ್ಥಾಪಿತವಾಯಿತೆಂದು ಲೇಖಕನು ಆ ಕ್ಷಣದಲ್ಲಿ ಹರ್ಷಿಸಿದನು.

ಆದರೆ ಯಾವ ಸಿದ್ಧಾಂತಕ್ಕೂ ಪೂರ್ವಪಕ್ಷವೊಂದು ಇದ್ದೇ ಇರುತ್ತದೆ. ಉಪಯೋಗ ಕ್ಷೀಣಿಸಿದಾಗ ಉಪಚಾರ ಹೆಚ್ಚುವುದಾದರೆ, ನಿವೃತ್ತನಾಗಿ ಕುರ್ಚಿಯಲ್ಲಿ ಕುಳಿತ ಗೃಹಸ್ಥನಿಗೆ ಬ್ರಹ್ಮಕಮಲದ ಮರ್ಯಾದೆಯಲ್ಲಿ ಕಾಲು ಭಾಗವಾದರೂ ಸಲ್ಲಬೇಕಾಗಿದ್ದಿತಲ್ಲವೆ? ವಾಸ್ತವದಲ್ಲಿ ಅವನ ಎರಡನೆಯ ಲೋಟ ಕಾಫಿಯೂ ವಿವಾದಗ್ರಸ್ತವಾಗಿದೆ. ಹಿಂತಿರುಗುವ ದಾರಿಯಲ್ಲಿ ಈ ಶಂಕೆಯನ್ನು ಸವಿನಯವಾಗಿ ಮಂಡಿಸಿದಾಗ ಗೃಹಿಣಿಯು ಕೊಟ್ಟ ಉತ್ತರವಿದು: “ಹೂವನ್ನ ನೋಡೋಕೆ ಜನ ಬರ್ತಾರೆ, ಕಾರನ್ನ ನೋಡೋಕೆ ಟಿಕೆಟ್ ತಗೊಂಡು ಬರ್ತಾರೆ. ನಿಮ್ಮನ್ನ ನೋಡೋಕೆ ಯಾರು ಬರ್ತಾರ್ರೀ?” ಈ ವಾಕ್ಯವು ಮೂಲಸಿದ್ಧಾಂತದೊಡನೆ ಹೊಂದಿಕೆಯಾಗದಿರುವುದರಿಂದ ಇದನ್ನು ಪ್ರಕ್ಷಿಪ್ತವೆಂದು ಪರಿಗಣಿಸಿ ಕೈಬಿಡಲಾಗಿದೆ.

ಶಾಸನದ ಆಧಾರವನ್ನಾದರೂ ಹುಡುಕೋಣವೆಂದು ಲೇಖಕನು ಕೇಂದ್ರ ಸರ್ಕಾರವು 2021ರಲ್ಲಿ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮವನ್ನು ಪರಿಶೀಲಿಸಿದನು. ಐವತ್ತು ವರ್ಷ ಮೀರಿರಬೇಕು. ಚಾಸಿ, ದೇಹದ ಕವಚ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದೆ ಮೂಲರೂಪದಲ್ಲಿಯೇ ಉಳಿದಿರಬೇಕು. ಮೊದಲನೆಯ ಲಕ್ಷಣವು ಗೃಹಸ್ಥನಲ್ಲಿ ಧಾರಾಳವಾಗಿದೆ. ಎರಡನೆಯದಕ್ಕೆ ಕಣ್ಣಿನೊಳಗಿನ ಕೃತಕ ಮಸೂರ, ಮೇಲ್ದವಡೆಯ ಕಟ್ಟಿಸಿದ ಹಲ್ಲುಗಳು ಬಾಧಕವಾಗಿವೆ. ಪದ್ಮಿನಿಗೆ ಮಾತ್ರ ಅಂಥ ಅಡ್ಡಿಯಿಲ್ಲ. 20,000 ರೂಪಾಯಿಗಳ ಶುಲ್ಕವನ್ನು ಕೊಟ್ಟರೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆಯೂ, ಹತ್ತು ವರ್ಷಗಳ ನೋಂದಣಿಯೂ ದೊರೆಯುತ್ತದೆ. ಆ ಬಳಿಕ ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲು ತುಂಬಿಸುವುದು ಮುಂತಾದ ಕೆಲವು ಕಾರಣಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಅದನ್ನು ರಸ್ತೆಗಿಳಿಸುವಂತಿಲ್ಲ. ಇದನ್ನು ಓದಿ ಹೇಳಿದಾಗ ಗೃಹಿಣಿಯು ಕೇಳಿದ ಪ್ರಶ್ನೆ ಒಂದೇ: “ಹಾಗಾದ್ರೆ ಅದ್ರಲ್ಲಿ ತರಕಾರಿ ತರೋ ಹಾಗಿಲ್ವಾ?”

ಪದ್ಮಿನಿಗೆ ಐವತ್ತು ತುಂಬುವುದು 2028ರಲ್ಲಿ. ಅಲ್ಲಿಯವರೆಗೆ ಅದು ಪ್ರತಿ ಶನಿವಾರ ಮಾರುಕಟ್ಟೆಗೆ ಹೋಗತಕ್ಕದ್ದೆಂದೂ, ಚೀಲ ಹಿಡಿದುಕೊಂಡು ಗೃಹಸ್ಥನೂ ಜೊತೆಗೆ ಹೋಗತಕ್ಕದ್ದೆಂದೂ, ನುಗ್ಗೆಕಾಯಿಯನ್ನು ಮಾತ್ರ ಕೊಳ್ಳಕೂಡದೆಂದೂ ತೀರ್ಪಾಗಿದೆ.