ದೈವಮೌನವೋ, ಶ್ಲೇಷ್ಮಬಾಧೆಯೋ? 'ವಿಂಟರ್ ಲೈಟ್' ಕುರಿತು ಒಂದು ಜಿಜ್ಞಾಸೆ

ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ತೆಗೆದ 'ವಿಂಟರ್ ಲೈಟ್' (1963) ಚಿತ್ರದಲ್ಲಿ ದೇವರು ತುಟಿ ಬಿಚ್ಚುವುದಿಲ್ಲವೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆರಂಭದಿಂದ ಕೊನೆಯವರೆಗೂ ಪಾದ್ರಿ ತೋಮಸ್ ಎರಿಕ್‌ಸನ್ನರನ್ನು ಬಿಡದೆ ಕಾಡುವ ನೆಗಡಿಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಶ್ಲೇಷವನ್ನು ಹೆಕ್ಕಿ ಹೆಕ್ಕಿ ತೆಗೆದವರು ಶ್ಲೇಷ್ಮವನ್ನು ಕೈಬಿಟ್ಟರು. ಆ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಅಧ್ಯಯನ ವಿಧಾನ: ಚಿತ್ರದ ಅವಧಿ 81 ನಿಮಿಷ. ಮೊದಲ ಸಲ ಪ್ರಬಂಧಕಾರ ಎಚ್ಚರವಿದ್ದದ್ದು ಅರ್ಧಕ್ಕಿಂತ ತುಸು ಹೆಚ್ಚು. ಮಿಕ್ಕ ಅಧ್ಯಯನ ನಿದ್ದೆಯಲ್ಲಿ ನಡೆಯಿತು. ಸುಷುಪ್ತಿಗೂ ನಮ್ಮ ಶಾಸ್ತ್ರಗಳಲ್ಲಿ ಗೌರವದ ಸ್ಥಾನವಿರುವುದರಿಂದ ಪರೀಕ್ಷಕರು ಆಕ್ಷೇಪಿಸುವಂತಿಲ್ಲ. ತಪ್ಪು ಪೂರ್ತಿ ನನ್ನದೂ ಅಲ್ಲ. ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗಿನ ಕಥೆ ಇದು. ಬೆರಳೆಣಿಕೆಯ ಭಕ್ತರಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಗೇ ಹತ್ತು ನಿಮಿಷ ದಾಟುತ್ತದೆ. ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಮತ್ತು ಬರ್ಗ್‌ಮನ್ ಚಳಿಗಾಲದ ಚರ್ಚುಗಳಲ್ಲಿ ಗಂಟೆಗಟ್ಟಲೆ ಕೂತು ಬೆಳಕು ಬದಲಾಗುವುದನ್ನು ಗಮನಿಸಿದ್ದರಂತೆ. ಆ ಗಂಟೆಗಳನ್ನು ನಮ್ಮಿಂದಲೂ ವಸೂಲಿ ಮಾಡಿದ್ದಾರೆ.

ಪೂರ್ವಪಕ್ಷ: ಮೌನವಾದಿಗಳು ಹೇಳುವುದು ಹೀಗೆ. ಚೀನಾ ಅಣುಬಾಂಬು ಮಾಡುತ್ತದೆಂಬ ಭಯದಲ್ಲಿ ಕುಗ್ಗಿಹೋದ ಮೀನುಗಾರ ಯೋನಾಸ್ ಸಮಾಧಾನ ಅರಸಿ ಬರುತ್ತಾನೆ. ಪಾದ್ರಿಗಳೋ, ಸಾಲ ಕೇಳಲು ಬಂದವನ ಮುಂದೆ ಸಾಹುಕಾರನೇ ಕೈ ಚಾಚಿದ ಹಾಗೆ, ತಮ್ಮ ಅನುಮಾನಗಳನ್ನೆಲ್ಲ ಅವನೆದುರು ತೋಡಿಕೊಳ್ಳುತ್ತಾರೆ. ಅವನು ಹೋಗಿ ಗುಂಡು ಹಾರಿಸಿಕೊಳ್ಳುತ್ತಾನೆ. ದೇವರ ಮೌನಕ್ಕೆ ಬೇರೆ ಸಾಕ್ಷಿ ಬೇಕೆ? (1964ರ ಅಕ್ಟೋಬರಿನಲ್ಲಿ ಚೀನಾ ಬಾಂಬು ಸಿಡಿಸಿಯೇ ಬಿಟ್ಟಿತು. ಇಡೀ ಚಿತ್ರದಲ್ಲಿ ಪ್ರವಾದಿ ಅಂತ ಯಾರಾದರೂ ಇದ್ದರೆ ಆ ಮೀನುಗಾರನೊಬ್ಬನೇ.)

ಸಿದ್ಧಾಂತ: ನೆಗಡಿ ಬಲಿತರೆ ಕಿವಿ ಕಟ್ಟುತ್ತದೆ. ಕಿವಿ ಕಟ್ಟಿದವನು ಎದುರಿಗಿರುವವನನ್ನು ಮೂಕ ಎಂದರೆ ಆ ಸಾಕ್ಷ್ಯ ಯಾವ ಕೋರ್ಟಿನಲ್ಲೂ ನಿಲ್ಲದು. ದೇವರ ಮಾತು ಹಾಗಿರಲಿ, ಈ ಪಾದ್ರಿಗಳಿಗೆ ಮನುಷ್ಯರ ಮಾತೂ ಕೇಳುವುದಿಲ್ಲ. ಶಾಲೆಯ ಟೀಚರ್ ಮೆರ್ತಾ ಬರೆದ ಪತ್ರವನ್ನು ನಟಿ ಇಂಗ್ರಿಡ್ ಥೂಲಿನ್ ನಮ್ಮನ್ನೇ ದಿಟ್ಟಿಸುತ್ತ ಸುಮಾರು 6 ನಿಮಿಷ ಹೇಳುತ್ತಾರೆ. (ನಿದ್ದೆ ಹತ್ತಿದ್ದು ಇಲ್ಲಿ. ಎರಡನೆಯ ಸಲ ಅದೇ ಮುಖದಿಂದ ಕಣ್ಣು ಕೀಳಲಾಗಲಿಲ್ಲ. ಸಿದ್ಧಾಂತಕ್ಕೆ ಉಪಯೋಗವಿಲ್ಲದ್ದರಿಂದ ಆ ವಿಷಯವನ್ನು ಕೈಬಿಡಲಾಗಿದೆ.) ದೇವರನ್ನು ನಂಬದ ಆ ಹೆಂಗಸೇ ಪಾದ್ರಿಗಳನ್ನು ಕರೆದೊಯ್ದು ನೆಗಡಿಗೆ ಮದ್ದು ಕೊಡುತ್ತಾಳೆ. ನಿನ್ನ ಪ್ರೀತಿ, ಉಪಚಾರ ಎರಡೂ ಸಾಕಾಗಿದೆಯೆಂದು ಇವರು ಅವಳ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಆಮೇಲೆ, ಮುಂದಿನ ಚರ್ಚಿಗೆ ಜೊತೆಗೆ ಬರುತ್ತೀಯಾ ಅನ್ನುತ್ತಾರೆ. ಹೋಗುತ್ತಾಳಲ್ಲ! ಇದಕ್ಕೆ ನೆಗಡಿಶಾಸ್ತ್ರದಲ್ಲಿ ವಿವರಣೆ ಸಿಗಲಿಲ್ಲ.

ಬಾಧಕ: ಅಷ್ಟರಲ್ಲಿ ಆಲ್ಗೋತ್ ಬಂದ. ಗೂನುಬೆನ್ನಿನ, ಮೈನೋವಿನಲ್ಲೇ ಬದುಕುವ ಚರ್ಚಿನ ಪರಿಚಾರಕ. ನೋವು ಮರೆಯಲು ಸುವಾರ್ತೆ ಓದು ಎಂದು ಪಾದ್ರಿಗಳೇ ಹಿಂದೆ ಹೇಳಿದ್ದರು. ಪುಣ್ಯಾತ್ಮ, ಓದಿಬಿಟ್ಟಿದ್ದಾನೆ. ಶಿಲುಬೆಯ ನೋವು ಕೆಲವೇ ಗಂಟೆಗಳದ್ದು, ಮೈನೋವಿನ ಲೆಕ್ಕದಲ್ಲಿ ನಾನೂ ಕಮ್ಮಿಯಿಲ್ಲ ಅನ್ನುತ್ತಾನೆ, ತೀರ ಸಂಕೋಚದಿಂದ. ಅದಕ್ಕಿಂತ ದೊಡ್ಡ ಸಂಕಟ ಗೆತ್ಸೇಮನೆ ತೋಟದಲ್ಲಿ ಶಿಷ್ಯರು ನಿದ್ದೆಹೋದದ್ದಲ್ಲವೇ? ಕಡೆಗೆ ಶಿಲುಬೆಯ ಮೇಲೆ, ದೇವರೂ ಸುಮ್ಮನಾದದ್ದಲ್ಲವೇ?

ಪಾದ್ರಿಗಳು ಹೌದು ಅನ್ನುತ್ತಾರೆ. ಅಂದರೆ ಕಿವಿ ಕೇಳಿಸಿದೆ. ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಶಿಷ್ಯರು ನಿದ್ದೆಹೋದ ಮಾತು ಬಂದಾಗಲಂತೂ ಮೇಲಿನ 'ಅಧ್ಯಯನ ವಿಧಾನ'ವನ್ನು ಹೊಡೆದುಹಾಕೋಣವೇ ಅನ್ನಿಸಿತ್ತು. ಆಗಲೇ ಟೈಪಾಗಿದ್ದರಿಂದ ಉಳಿಸಿಕೊಂಡಿದ್ದೇನೆ.

ಮೂರು ಗಂಟೆಯ ಆರಾಧನೆಗೆ ಊರಿನವರು ಯಾರೂ ಬಂದಿಲ್ಲ. ಬೆಂಚಿನಲ್ಲಿ ಮೆರ್ತಾ ಒಬ್ಬಳೇ. ಖಾಲಿ ಚರ್ಚಿನಲ್ಲಿ ಪಾದ್ರಿಗಳು ನೆಗಡಿಯ ಗಂಟಲಲ್ಲೇ ಶುರು ಮಾಡುತ್ತಾರೆ. ಯಾರಿಗಾಗಿ? ಇದನ್ನು ತೀರ್ಮಾನಿಸಲು ಚಿತ್ರವನ್ನು ಮೂರನೆಯ ಸಲ ನೋಡಬೇಕಾಗಿದೆ. ಫಿಲ್ಟರ್ ಕಾಫಿಯ ಖರ್ಚೂ ಸೇರಿದಂತೆ ಆರು ತಿಂಗಳ ಅವಧಿ ವಿಸ್ತರಣೆಯನ್ನು ಈ ಮೂಲಕ ಕೋರಲಾಗಿದೆ.